ನಿಮಗಿದು ಗೊತ್ತೇ? ತಾರಸಿ ಲೆಟ್ಯೂಸಿನ ಕಾವಲುಗಾರರು

ಲೆಟ್ಯೂಸ್ ನಮ್ಮ ಸೇವಂತಿಗೆಯ ಬಳಗದ ಸಸ್ಯ. ಚೆಂಡು ಹೂವು, ಸೂರ್ಯಕಾಂತಿ, ಖಾಲಿ ಸೈಟುಗಳಲ್ಲಿ ಹಬ್ಬುವ ಪಾರ್ಥೇನಿಯಂ ಎಲ್ಲವೂ ಒಂದೇ ಕುಟುಂಬ. ಜಯನಗರ, ಜೆ.ಪಿ. ನಗರದ ತಾರಸಿಗಳಲ್ಲಿ ದಂಟು, ಮೆಂತ್ಯದ ಪಕ್ಕ ಈಗ ಇದಕ್ಕೂ ಒಂದು ಕುಂಡ ಸಿಕ್ಕಿದೆ. ದಂಟು ಬೆಂದು ಹುಳಿಯಾಗುತ್ತದೆ, ಲೆಟ್ಯೂಸ್ ಹಸಿಯಾಗಿಯೇ ಬಾಯಿಗೆ ಹೋಗುತ್ತದೆ. ಎಲೆಗೆ ಸಿಂಪಡಿಸಿದ್ದೇ ನಾಲಿಗೆಗೂ ಬರುತ್ತದೆ. ಈ ಸೊಪ್ಪಿಗಂತೂ ವಿಷದ ಬಾಟಲಿ ಬೇಡವೇ ಬೇಡ ಎನ್ನುವುದು ನನ್ನ ಹಠ.

● ಗುಲಗಂಜಿ ಹುಳು ಸಸ್ಯಹೇನುಗಳನ್ನು ತಿನ್ನುತ್ತದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ಮರಿಯನ್ನು ಗುರುತಿಸುವವರು ಕಡಿಮೆ. ಕಪ್ಪು ಮೈ, ಅಲ್ಲಲ್ಲಿ ಹಳದಿ ಮಚ್ಚೆ, ಆರು ಕಾಲು, ಪುಟ್ಟ ಮೊಸಳೆಯಂಥ ಆಕಾರ. ಬನಶಂಕರಿಯ ನಮ್ಮ ತಾರಸಿಯಲ್ಲಿ ಮೊದಲ ಸಲ ಕಂಡಾಗ ಇದೇ ಕೀಟ ಎಂದುಕೊಂಡು ಮೂರನ್ನು ಹೊಸಕಿ ಹಾಕಿದ್ದೆ. ದೊಡ್ಡದಾಗುವಷ್ಟರಲ್ಲಿ ಒಂದೊಂದು ಮರಿ ನೂರಾರು ಹೇನು ತಿನ್ನುತ್ತದೆ ಎಂದು ಆಮೇಲೆ ತಿಳಿಯಿತು. ಆ ಮೂರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

● ಹೇನು ಹೆಚ್ಚಿದ ಕುಂಡದಲ್ಲಿ ಇರುವೆ ಸಾಲು ಇದ್ದೇ ಇರುತ್ತದೆ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ದನದಂತೆ ಕಾಯುತ್ತವೆ, ಗುಲಗಂಜಿ ಹುಳು ಬಂದರೆ ಕಚ್ಚಿ ಓಡಿಸುತ್ತವೆ. ಅಜ್ಜಿಯರು ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರಲ್ಲ, ಕುಂಡದ ಸ್ಟ್ಯಾಂಡಿನ ಕಾಲುಗಳಿಗೂ ಅದೇ ಉಪಾಯ ಮಾಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆ.

● ಪಾರ್ಥೇನಿಯಂ ಎಲೆ ಮೇಯುವ, ಬಿಳಿಚು ಮೈಮೇಲೆ ಕಂದು ಗೆರೆಯ ಜೀರುಂಡೆಯನ್ನು ಮಳೆಗಾಲದಲ್ಲಿ ನೋಡಿರುತ್ತೀರಿ. ಅದು ಮೆಕ್ಸಿಕೊದ್ದು. ಈ ಕಳೆಯನ್ನು ಮೇಯಿಸಲೆಂದೇ 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡಲಾಯಿತು. ಮುಂದೆ ಅದು ಸೂರ್ಯಕಾಂತಿಯನ್ನೂ ಕಡಿಯಿತೆಂಬ ದೂರು ಬಂತು. ಗಾಳಿಗೆ ಹಾರಿ ಬಂದ ಪಾರ್ಥೇನಿಯಂ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಕೂತಾಗ ಹುಳು ಮೋಸಹೋಗಿ ಕಡಿಯುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು.

● ಪರಂಗಿ ಗಿಡದ ತುಂಬ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಪತ್ತೆಯಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ರೈತರ ನಿದ್ದೆ ಕೆಡಿಸಿತು. ಔಷಧಿ ಹೊಡೆದರೆ ಮೇಣದ ಹೊದಿಕೆಯ ಮೇಲಿಂದ ಜಾರಿಹೋಗುತ್ತಿತ್ತು. 2010ರಲ್ಲಿ ಪೋರ್ಟೊ ರಿಕೊದಿಂದ ಈ ತಿಗಣೆಯನ್ನು ಕೊಲ್ಲುವ ಮೂರು ಜಾತಿಯ ಕಣಜಗಳು ಬೆಂಗಳೂರಿನ ಹೆಬ್ಬಾಳದ ಕೀಟ ಸಂಶೋಧನಾಲಯಕ್ಕೆ ಬಂದವು. ಇವತ್ತು ಅದೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ಅಲ್ಲಿ ಸಾಕಿದ ಕಣಜಗಳನ್ನು ತೋಟಗಳಿಗೆ ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಯಿತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿ ಮಾಡಿದ ಉಪಕಾರ ಇದು!

● ಎಲೆ ತಿನ್ನುವ ಕಂಬಳಿಹುಳು, ಹಸಿರು ಹುಳುಗಳಿಗೆ ‘ಬಿಟಿ’ ಎಂಬ ಬ್ಯಾಕ್ಟೀರಿಯಾ ಇದೆ. ಹುಳುವಿನ ಕ್ಷಾರೀಯ ಕರುಳಿನಲ್ಲಿ ಅದರ ಪ್ರೋಟೀನ್ ಕರಗಿ ವಿಷವಾಗುತ್ತದೆ. ನಮ್ಮ ಆಮ್ಲೀಯ ಜಠರದಲ್ಲಿ ಹಾಗಾಗದು. ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆ ಹೊತ್ತೇ ಸಿಂಪಡಿಸಬೇಕು. ಒಂದು ಎಚ್ಚರಿಕೆ: 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾಟ ಇದನ್ನು ಮೊದಲು ಕಂಡದ್ದೇ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಕನಕಪುರ ರಸ್ತೆಯಲ್ಲಿ ಊರ ಕಡೆ ತೋಟವಿದ್ದು, ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಬಿಟಿಯನ್ನು ಮುಟ್ಟಲೇಬೇಡಿ.

● ಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತಿದರೆ ಕೋಸನ್ನು ಕಾಡುವ ವಜ್ರಬೆನ್ನಿನ ಪತಂಗ ಸಾಸಿವೆಗೇ ಮುತ್ತುತ್ತದೆ. 25 ಸಾಲು ಕೋಸಿಗೆ 2 ಸಾಲು ಸಾಸಿವೆ. ಇದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಲೆಕ್ಕ.

● ಸಸಿ ಬುಡ ಕೊಳೆತು ಮಗುಚಿಕೊಂಡರೆ ತಪ್ಪು ಮಣ್ಣಿನ ಶಿಲೀಂಧ್ರದ್ದು. ಅದರ ಮದ್ದೂ ಶಿಲೀಂಧ್ರವೇ: ಟ್ರೈಕೋಡರ್ಮ. ರೋಗದ ಶಿಲೀಂಧ್ರದ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು ಅದನ್ನೇ ತಿಂದು ಹಾಕುತ್ತದೆ. ಒಂದು ಕೆಜಿ ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ 10 ಗ್ರಾಂ ಪುಡಿ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಎರಡು ವಾರ ಇಡಿ. ಆಮೇಲೆ ಕುಂಡದ ಮಣ್ಣಿಗೆ ಸೇರಿಸಿ.

● ಎಲೆಯ ಮೇಲೆ ಹಳದಿ ಚೌಕ, ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ಬೂಜು ರೋಗ. ತಂಪು, ತೇವ ಎರಡೂ ಸೇರಿದರೆ ಓಡೋಡಿ ಹರಡುತ್ತದೆ. ಇದರೆದುರು ಜೈವಿಕ ಮದ್ದುಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಬೆಳಿಗ್ಗೆಯೇ ಬುಡಕ್ಕೆ ನೀರು, ಗಿಡಗಳ ನಡುವೆ ಗಾಳಿಯಾಡಲು ಜಾಗ, ರೋಗದ ಎಲೆಗೆ ಕೂಡಲೇ ಕತ್ತರಿ. ಇಷ್ಟನ್ನು ತಪ್ಪದೆ ಮಾಡಿದರೆ ಬಹುಪಾಲು ಎಲೆ ಉಳಿಯುತ್ತದೆ.

● ಬೇವಿನೆಣ್ಣೆ ಹುಳುವನ್ನು ತಟ್ಟನೆ ಕೊಲ್ಲುವುದಿಲ್ಲ. ಅದರ ಹಸಿವು ಕೆಡಿಸಿ, ಪೊರೆ ಕಳಚುವುದನ್ನು ತಡೆಯುತ್ತದೆ. ಕೊಯ್ಲು ಹತ್ತಿರವಿದ್ದಾಗ ಹೊಡೆದರೆ ಸಲಾಡ್ ಕಹಿ.

● ಹಳದಿ ಬಣ್ಣಕ್ಕೆ ಹೇನು, ಬಿಳಿನೊಣ, ನೀಲಿಗೆ ಥ್ರಿಪ್ಸ್. ಆಯಾ ಬಣ್ಣದ ರಟ್ಟಿಗೆ ಹರಳೆಣ್ಣೆ ಸವರಿ ನೇತುಹಾಕಿದರೆ ಅಂಟಿಕೊಳ್ಳುತ್ತವೆ.

● ಪರಕೀಯ ಜೀವಿಯನ್ನು ಕಂಡಕಂಡಂತೆ ಬಿಡುವುದು ಅನಾಹುತ. ಆಫ್ರಿಕಾದ ದೈತ್ಯ ಬಸವನಹುಳುವನ್ನು ತಿನ್ನಲೆಂದು 1955ರಲ್ಲಿ ಹವಾಯಿಗೆ ತಂದ ಬೇಟೆಗಾರ ಬಸವನಹುಳು, ಅಲ್ಲಿನ ಮೂಲ ಜಾತಿಗಳನ್ನೇ ತಿಂದು ಎಷ್ಟನ್ನೋ ನಿರ್ನಾಮ ಮಾಡಿತು. ಇಲ್ಲಿ ಆ ದೈತ್ಯನ ಕಾಟವಿದ್ದರೆ ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಸೇರಿಕೊಂಡವನ್ನು ಕೈಗವಸು ಹಾಕಿ ಆರಿಸಿ, ಉಪ್ಪು ನೀರಿಗೆ ಹಾಕಿ.

● ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಸಾವಯವ ಲೆಟ್ಯೂಸ್ ಬೆಳೆಯುವವರು ನಡುನಡುವೆ ಅಲಿಸಮ್ ಹೂಗಿಡ ನೆಡುತ್ತಾರೆ. ಅದರ ಮಕರಂದಕ್ಕೆ ಬರುವ ಹೂನೊಣಗಳ ಮರಿಗಳು ಹೇನು ತಿನ್ನುತ್ತವೆ. ನಮಗೆ ಸಬ್ಬಸಿಗೆ, ಕೊತ್ತಂಬರಿಯೇ ಸಾಕು. ಪೂರ್ತಿ ಕೊಯ್ಯದೆ ನಾಲ್ಕು ಗಿಡ ಹೂ ಬಿಡಲು ಬಿಡಿ. ಹೂನೊಣದ ಜೊತೆಗೆ ಪುಟ್ಟ ಕಣಜಗಳೂ ಬರುತ್ತವೆ. ಕಣಜ ಹೇನಿನ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಕೆಲವು ದಿನಗಳಲ್ಲಿ ಆ ಹೇನು ಉಬ್ಬಿ, ಗೋಧಿ ಬಣ್ಣಕ್ಕೆ ತಿರುಗಿ, ಎಲೆಗೆ ಅಂಟಿಕೊಂಡು ಒಣಗುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಬೆನ್ನಿನಲ್ಲಿ ದುಂಡನೆಯ ತೂತಿದ್ದರೆ ಹೊಸ ಕಣಜ ಹಾರಿಹೋಗಿದೆ, ಇಲ್ಲದಿದ್ದರೆ ಇನ್ನೂ ಒಳಗಿದೆ. ಅಂಥ ಎಲೆಯನ್ನು ಕಿತ್ತು ಕಸಕ್ಕೆ ಹಾಕದೆ ಗಿಡದಲ್ಲೇ ಬಿಡಿ.