ಹಳೆಯ ಬಿಎಂಡಬ್ಲ್ಯು ಕೂಪೆ: ಹೂಡಿಕೆಯೋ, ಖರ್ಚೋ?

"ಕ್ಲಾಸಿಕ್ ಕಾರು ಕೊಂಡರೆ ಓಡಿಸಿದ ಖುಷಿಯೂ ಸಿಗುತ್ತೆ, ಬೆಲೆಯೂ ಏರುತ್ತೆ ಅಲ್ವಾ?" ಮ್ಯೂನಿಕ್‌ನ ಕನ್ನಡ ಗೆಳೆಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಇತ್ತೀಚೆಗೆ ಒಬ್ಬರು ಮನೆಯ ಡೌನ್‌ಪೇಮೆಂಟ್‌ಗೆ ಕೂಡಿಟ್ಟ ಹಣವನ್ನೇ ಇದಕ್ಕೆ ಹಾಕಲು ಹೊರಟಿದ್ದರು. ಹಾಗಾಗಿ ನನ್ನ 1973ರ ಬಿಎಂಡಬ್ಲ್ಯು 3.0 ಸಿಎಸ್‌ನ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ.

ಒಂದು ಅಕ್ಷರದ ವ್ಯತ್ಯಾಸ

ಇ9 ಎಂದು ಕರೆಯುವ ಈ ಕೂಪೆ ಸರಣಿ 1968ರಿಂದ 1975ರವರೆಗೆ ತಯಾರಾಯಿತು. ಬಾಡಿ ಕಟ್ಟಿದ್ದು ಕಾರ್ಮನ್ ಕಂಪನಿ, ಆರು ಸಿಲಿಂಡರಿನ ಎಂಜಿನ್ ಬಿಎಂಡಬ್ಲ್ಯುನದು. ಹರಾಜಿನ ಸುದ್ದಿಗಳಲ್ಲಿ ನಾವು ನೋಡುವ ದೊಡ್ಡ ಬೆಲೆಗಳು ಹೆಚ್ಚಾಗಿ 3.0 ಸಿಎಸ್‌ಎಲ್‌ನವು. ಅದು ರೇಸಿಂಗ್‌ಗಾಗಿ ತೂಕ ಇಳಿಸಿ, ಬಾಗಿಲು, ಬಾನೆಟ್‌ಗಳಿಗೆ ಅಲ್ಯೂಮಿನಿಯಂ ಬಳಸಿ, ಕಡಿಮೆ ಸಂಖ್ಯೆಯಲ್ಲಿ ಮಾಡಿದ ಮಾದರಿ. 1973ರಲ್ಲಿ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಗೆದ್ದದ್ದೂ ಅದೇ. ಅದರ ಬೆಲೆ ನೋಡಿ ಸಾಮಾನ್ಯ ಸಿಎಸ್ ಕೊಳ್ಳುವುದು, ಒಂದು ಷೇರು ಏರಿತೆಂದು ಪಕ್ಕದ ಕಂಪನಿಯ ಷೇರು ಕೊಂಡ ಹಾಗೆ.

ಎಂಜಿನ್ ಅಲ್ಲ, ತಗಡು ನೋಡಿ

ಈ ಕಾರಿನ ಎಂಜಿನ್ ಗಟ್ಟಿ, ಅದನ್ನು ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ದುಡ್ಡು ತಿನ್ನುವುದು ತುಕ್ಕು. ಮುಂದಿನ ಫೆಂಡರಿನ ಒಳಭಾಗ, ಸಸ್ಪೆನ್ಷನ್ ಕೂರುವ ಜಾಗ, ಬಾಗಿಲ ಕೆಳಗಿನ ಸಿಲ್, ನೆಲ ಇವೆಲ್ಲ ಹೊಸ ಪೇಂಟಿನಡಿ ಕೊಳೆತಿರಬಹುದು. ಕೊಳ್ಳುವ ಮುನ್ನ ಕಾರನ್ನು ಲಿಫ್ಟ್ ಮೇಲೇರಿಸಿ, ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು, ಸ್ವತಂತ್ರ ತಜ್ಞರಿಂದ ತಪಾಸಣೆ ಮಾಡಿಸಿ. ಅದಕ್ಕೆ ಕೊಡುವ ಕೆಲವು ನೂರು ಯೂರೋ ಇಡೀ ವ್ಯವಹಾರದಲ್ಲೇ ಉತ್ತಮ ಖರ್ಚು. ನಾನು ಬಾಡಿ ಗಟ್ಟಿ ಇದ್ದು, ಉಳಿದದ್ದು ದಣಿದಿದ್ದ ಕಾರನ್ನೇ ಹುಡುಕಿದ್ದು ಇದೇ ಕಾರಣಕ್ಕೆ.

ನನ್ನ ಲೆಕ್ಕ (ಯೂರೋಗಳಲ್ಲಿ, 7 ವರ್ಷ)

ಖರೀದಿ: 36,000
ಬಾಡಿ ಕೆಲಸ, ಪೇಂಟ್: 11,500
ಎಂಜಿನ್, ಕಾರ್ಬ್ಯುರೇಟರ್: 6,200
ಬ್ರೇಕ್, ಸಸ್ಪೆನ್ಷನ್: 4,300
ಸೀಟು, ರಬ್ಬರ್, ಕ್ರೋಮ್: 7,400
ಒಟ್ಟು ಬಂಡವಾಳ: 65,400

ಈಗಿನ ಮೌಲ್ಯಮಾಪನ 72,000. ಅಂದರೆ 6,600 ಲಾಭ! ಪಾರ್ಟಿಗಳಲ್ಲಿ ಎಲ್ಲರೂ ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಮುಂದೆ ಹೋಗೋಣ.

ಗ್ಯಾರೇಜ್ ಬಾಡಿಗೆ, ವಿಮೆ, ತೆರಿಗೆ, ನಿರ್ವಹಣೆ ಸೇರಿ ವರ್ಷಕ್ಕೆ ಸುಮಾರು 3,150. ಏಳು ವರ್ಷಕ್ಕೆ 22,050. ಈಗ ಲಾಭ ಹೋಗಿ 15,450 ನಷ್ಟ, ಅಂದರೆ ವರ್ಷಕ್ಕೆ ಸುಮಾರು 2,200. ಅದೇ 65,400 ಬೇರೆ ಕಡೆ ಶೇ. 4ರಂತೆ ದುಡಿದಿದ್ದರೆ ವರ್ಷಕ್ಕೆ ಇನ್ನೂ 2,600 ಬರುತ್ತಿತ್ತು. ಎರಡನ್ನೂ ಕೂಡಿಸಿದರೆ ನನ್ನ ಕೂಪೆಯ ನಿಜವಾದ ಬೆಲೆ ತಿಂಗಳಿಗೆ 400 ಯೂರೋ. ಭಾನುವಾರ ಬೆಳಿಗ್ಗೆ ಆಲ್ಪ್ಸ್ ಕಡೆಗೆ ಹೊರಟಾಗ ನನಗದು ದುಬಾರಿ ಅನ್ನಿಸುವುದಿಲ್ಲ. ಆದರೆ ಅದನ್ನು ಹೂಡಿಕೆ ಅಂತ ಮಾತ್ರ ಕರೆಯಲಾರೆ.

ಸರ್ಕಾರದ ಕಡೆಯಿಂದ

ಜರ್ಮನಿಯಲ್ಲಿ ಕಾರಿಗೆ 30 ವರ್ಷ ತುಂಬಿ, ಮೂಲ ರೂಪ ಉಳಿದಿದ್ದರೆ ತಜ್ಞರ ವರದಿಯ ಮೇಲೆ ನಂಬರ್ ಪ್ಲೇಟಿಗೆ 'ಎಚ್' ಅಕ್ಷರ ಸಿಗುತ್ತದೆ. ಆಗ ವಾಹನ ತೆರಿಗೆ ವರ್ಷಕ್ಕೆ 191.73 ಯೂರೋ ಮಾತ್ರ. ಇಲ್ಲದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ 3 ಲೀಟರ್ ಪೆಟ್ರೋಲ್ ಕಾರಿಗೆ 100 ಸಿಸಿಗೆ 25.36ರಂತೆ 760 ದಾಟುತ್ತದೆ. ಖಾಸಗಿಯಾಗಿ ಕೊಂಡು ಒಂದು ವರ್ಷದ ನಂತರ ಮಾರಿದರೆ ಲಾಭಕ್ಕೆ ಆದಾಯ ತೆರಿಗೆಯೂ ಇಲ್ಲ. ಬ್ರಿಟನ್ನಿನಲ್ಲಿ ಕಾರು ಮಾರಿದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಬರುವುದಿಲ್ಲ. ನಷ್ಟವನ್ನು ಕಳೆಯಲೂ ಆಗದು. ವಿಮೆ ಮಾಡಿಸುವಾಗ ಮೌಲ್ಯಮಾಪನದ ವರದಿಯನ್ನು ಕೊಟ್ಟು ಕಾರಿನ ಮೌಲ್ಯವನ್ನು ಪಾಲಿಸಿಯಲ್ಲೇ ಬರೆಸಿಕೊಳ್ಳಿ. ರಿಸ್ಟೋರೇಷನ್ ಮುಗಿದ ಮೇಲೆ ಅದನ್ನು ಏರಿಸಲು ಮರೆಯಬೇಡಿ.

ಕೊಳ್ಳುವ ಮುನ್ನ ಮೂರು ಮಾತು

1. ರಿಸ್ಟೋರೇಷನ್ ಅಂದಾಜಿಗೆ ಕನಿಷ್ಠ ಮೂರನೇ ಒಂದು ಭಾಗ ಹೆಚ್ಚು ಸೇರಿಸಿ. ಮನೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ.

2. ಸಮಯವಿಲ್ಲದವರು ಬೇರೆಯವರು ಪೂರ್ತಿ ಸರಿಮಾಡಿದ ಕಾರನ್ನು, ಬಿಲ್ಲು ಮತ್ತು ಫೋಟೋಗಳ ಸಮೇತ ಕೊಳ್ಳಿ. ಅವರು ಸುರಿದ ಹಣ ಪೂರ್ತಿಯಾಗಿ ಮಾರಾಟದ ಬೆಲೆಯಲ್ಲಿ ಸೇರುವುದು ಅಪರೂಪ.

3. ತುರ್ತು ನಿಧಿ, ಮನೆಯ ಹಣ, ಮಕ್ಕಳ ಓದಿನ ಹಣ ಮುಟ್ಟಬೇಡಿ. ನಮ್ಮಂಥವರಿಗೆ ಊರಿಂದ ರಾತ್ರಿ ಫೋನ್ ಬಂದರೆ ಬೆಳಿಗ್ಗೆ ವಿಮಾನ ಹತ್ತಬೇಕು, ಆಸ್ಪತ್ರೆಗೆ ಹಣ ಕಳಿಸಬೇಕು. ಇಟಿಎಫ್ ಮಾರಿದರೆ ಕೆಲವೇ ದಿನಗಳಲ್ಲಿ ದುಡ್ಡು ಕೈಗೆ ಬರುತ್ತದೆ. ಐವತ್ತು ವರ್ಷದ ಕೂಪೆಗೆ ಸರಿಯಾದ ಗಿರಾಕಿ ಸಿಗಲು ತಿಂಗಳುಗಳೇ ಬೇಕು. ಅವಸರದಲ್ಲಿ ಮಾರಿದರೆ ಬೆಲೆ ಹೇಳುವುದು ಗಿರಾಕಿ, ನೀವಲ್ಲ.

ಆ ಗೆಳೆಯರಿಗೂ ಹೇಳಿದ್ದು ಇಷ್ಟೇ: ತಿಂಗಳಿಗೆ 400 ಯೂರೋ ಹೋದರೂ ಮನೆಯ ಯಾವ ಯೋಜನೆಯೂ ಅಲುಗದಿದ್ದರೆ ಧಾರಾಳವಾಗಿ ಕೊಳ್ಳಿ. ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ಮಾತ್ರ ಈ ಲೆಕ್ಕ ಕೂಡುವುದಾದರೆ, ಸದ್ಯಕ್ಕೆ ಬೇಡ.