ಒಂದೇ ಹಗಲಿನಲ್ಲಿ ಕಡಲು, ಕಾಡು, ಹೊಳೆ

ಪ್ರವಾಸ ಹೊರಟವನು ತನ್ನ ಮನೆಯನ್ನೂ ಜೊತೆಗೆ ಒಯ್ಯುವುದು ಹೊಸ ಕಾಲದ ಶೋಕಿಯೆಂದು ಮೂಗು ಮುರಿಯುವವರಿದ್ದಾರೆ. ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಅಕ್ಕಿ, ಬೇಳೆ, ಪಾತ್ರೆಗಳನ್ನು ಹೇರಿಕೊಂಡು, ನೆರಳು ಕಂಡಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಉಣ್ಣುತ್ತ ಜಾತ್ರೆಗೆ ಸಾಗಿದ ಹಿರಿಯರನ್ನು ಅವರು ಮರೆತಿರಬೇಕು. ಇಂದು ಎತ್ತಿನ ಬದಲು ಎಂಜಿನ್ನು ಬಂದಿದೆ. ಒಳಗೆ ಮಂಚ, ಒಲೆ, ಸ್ನಾನದ ಕೋಣೆಗಳು ಸೇರಿವೆ. ಹೆಸರು ‘ಕ್ಯಾರವಾನ್’ ಎಂದಾಗಿದೆ. ನೆರೆಯ ಕೇರಳ ಸರಕಾರವು 2021ರಲ್ಲಿ ಈ ಬಗೆಯ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಂಥ ಮನೆಬಂಡಿಗೆ ಕನ್ನಡದ ಕರಾವಳಿಯಲ್ಲಿ ಒಂದು ಹಗಲಿನ ದಾರಿ ಬೇಕೆಂದರೆ, ಬಿಜೂರಿನಿಂದ ಹೊರಡುವುದೇ ಲೇಸು.

ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಬಿಜೂರು ಪ್ರವಾಸಿಗಳ ಪಟ್ಟಿಯಲ್ಲಿ ಕಾಣಿಸುವ ಊರಲ್ಲ. ಗದ್ದೆ, ತೆಂಗಿನ ತೋಟ, ಕೊಂಕಣ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. ಪಡುವಣದಲ್ಲಿ ಸಮುದ್ರ, ಮೂಡಣದಲ್ಲಿ ಸಹ್ಯಾದ್ರಿಯ ನೀಲಿ ರೇಖೆ. ಕವಿ ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಮೊಗೇರಿಯೂ ಇದೇ ಸೀಮೆಯದು. ಇಲ್ಲಿಂದ ಬಡಗಣಕ್ಕೆ ಹೊರಟು, ಬೈಂದೂರನ್ನು ದಾಟಿ, ಮೊದಲು ಒತ್ತಿನೆಣೆಯ ಗುಡ್ಡವನ್ನು ಏರಬೇಕು. ಅಲ್ಲಿಯ ‘ಕ್ಷಿತಿಜ ನೇಸರಧಾಮ’ದಲ್ಲಿ ನಿಂತರೆ ಕೆಳಗೆ ಸೋಮೇಶ್ವರದ ಮರಳದಂಡೆಯೂ, ಕಡಲಿಗೆ ಇಳಿಯುವ ಹೊಳೆಯೂ ಒಂದೇ ನೋಟಕ್ಕೆ ಸಿಗುತ್ತವೆ. ಸೂರ್ಯಾಸ್ತಕ್ಕೆ ಹೆಸರಾದ ತಾಣವಾದರೂ ಬೆಳಗಿನ ಹೊತ್ತು ಜನಸಂದಣಿಯಿಲ್ಲದೆ ಹಿತವಾಗಿರುತ್ತದೆ. ಹೆದ್ದಾರಿಯನ್ನು ಅಗಲಗೊಳಿಸಲು ಗುಡ್ಡವನ್ನು ಕಡಿದ ಗಾಯವೂ ಇಲ್ಲಿ ಕಾಣುತ್ತದೆ. 2017ರ ಮಳೆಗಾಲದಲ್ಲಿ ಆ ಕಡಿದ ಮಗ್ಗುಲು ಜರಿದು ರಸ್ತೆಗೆ ಬಂದಿತ್ತು.

ಬೈಂದೂರಿಗೆ ಮರಳಿ ಮೂಡಣದ ರಸ್ತೆಯನ್ನು ಹಿಡಿದರೆ ಗೋಳಿಹೊಳೆ, ಯಳಜಿತ್ ದಾಟುತ್ತಿದ್ದಂತೆ ಉಪ್ಪುಗಾಳಿ ನಿಂತು ಕಾಡಿನ ತಂಪು ತಾಗುತ್ತದೆ. ಮೂಕಾಂಬಿಕಾ ವನ್ಯಜೀವಿಧಾಮವು 1974ರಲ್ಲಿ ಸ್ಥಾಪಿತವಾದುದು. ಈ ಕಾಡಿನ ಮೇಲ್ಮರಗಳಲ್ಲಿ, ಪಶ್ಚಿಮ ಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇರದ ಸಿಂಗಳೀಕಗಳು ವಾಸಿಸುತ್ತವೆ. ರಸ್ತೆಯಿಂದ ಅವು ಕಾಣಿಸುವುದು ಅದೃಷ್ಟದ ಮಾತು. ಕಾಣಿಸಿದರೂ ಬಾಳೆಹಣ್ಣು ಎಸೆಯುವ ಔದಾರ್ಯವನ್ನು ತೋರದಿರುವುದು ಒಳ್ಳೆಯದು.

ಕಾಡಿನ ನಡುವೆಯೇ ಕೊಲ್ಲೂರು. ಹಿಂದೆ 1343 ಮೀಟರು ಎತ್ತರದ ಕೊಡಚಾದ್ರಿ. ಮನೆಬಂಡಿಯು ಅದರ ನೆತ್ತಿಗೆ ಹೋಗಲಾರದು. ಆ ಕಲ್ಲುದಾರಿಗೆ ಜೀಪೇ ಬೇಕು, ಒಂದು ದಿನದ ಪ್ರಯಾಣದಲ್ಲಿ ಅದಕ್ಕೆ ಎಡೆಯೂ ಇಲ್ಲ. ದೇವಿಯ ದರ್ಶನವಾದ ಮೇಲೆ ಹೊಳೆಯ ಬಳಿ ಕುಳಿತರೆ ಸಾಕು. ಕೊಡಚಾದ್ರಿಯ ಕಡೆಯಿಂದ ಇಳಿದುಬರುವ ಈ ನೀರೇ ಸೌಪರ್ಣಿಕೆ. ಸುಪರ್ಣನೆಂದರೆ ಗರುಡ, ಅವನು ಇದರ ತಡಿಯಲ್ಲಿ ತಪಸ್ಸು ಮಾಡಿದನೆಂದು ಸ್ಥಳಪುರಾಣ. ಭಕ್ತರು ಮೀಯುವ ಈ ನದಿಗೆ ಕೊಲ್ಲೂರಿನ ಹೊಲಸು ನೀರು ಸೇರುತ್ತಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. ಇಲ್ಲಿ ಮನೆಬಂಡಿಯ ಯಜಮಾನನಿಗೂ ಒಂದು ಪ್ರಶ್ನೆ ಎದುರಾಗುತ್ತದೆ. ಕಮಾನುಗಾಡಿಯು ದಾರಿಯಲ್ಲಿ ಬಿಟ್ಟು ಹೋಗುತ್ತಿದ್ದುದು ಸೆಗಣಿ ಮತ್ತು ಬೂದಿಯನ್ನು ಮಾತ್ರ. ಈ ಬಂಡಿಯ ತೊಟ್ಟಿಯಲ್ಲಾದರೋ ಸಾಬೂನಿನ ನೀರು, ಶೌಚದ ನೀರು ಎರಡೂ ತುಂಬಿರುತ್ತವೆ. ಕತ್ತಲಾದೊಡನೆ ಕೊಳವೆಯ ತಿರುಪನ್ನು ಸಡಿಲಿಸುವುದು ಸುಲಭ. ಊರು ಸೇರುವವರೆಗೆ ಅದನ್ನು ಹೊತ್ತೊಯ್ಯುವುದು ಕಷ್ಟ. ಬೆಳಗ್ಗೆ ಕೊಲ್ಲೂರಿನಲ್ಲಿ ಚೆಲ್ಲಿದ್ದು ಮುಂದೆ ಯಾರ ಮನೆಯ ಬಾಗಿಲಿಗೆ ಹೋಗುತ್ತದೆಂಬುದನ್ನು ಸಂಜೆಯ ದಾರಿಯೇ ತೋರಿಸಿಕೊಡುತ್ತದೆ.

ಕೊಲ್ಲೂರಿನಿಂದ ವಂಡ್ಸೆಯ ಮೂಲಕ ಹೆಮ್ಮಾಡಿಗೆ ಇಳಿಯುವಾಗ ಹೊಳೆ ತನ್ನದೇ ಬೇರೆ ಹಾದಿಯನ್ನು ಹಿಡಿದು ಕಣ್ಣಿಗೆ ಮರೆಯಾಗುತ್ತದೆ. ಮಕರ ಸಂಕ್ರಮಣದ ಸುಮಾರಿಗೆ ಹೋದವರಿಗೆ ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆಯ ಹಳದಿ ಕಾಣಸಿಗುವುದುಂಟು. ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಈ ಹೂವೇ ಆಗಬೇಕು. ಅಲ್ಲಿಂದ ಹೆದ್ದಾರಿಯಲ್ಲಿ ಬಡಗಣಕ್ಕೆ ತಿರುಗಿ, ತ್ರಾಸಿಯನ್ನು ದಾಟಿದರೆ ಮರವಂತೆ.

ಮರವಂತೆಯನ್ನು ಚಿತ್ರದಲ್ಲಿ ನೋಡದವರು ವಿರಳ. ಆದರೂ ಬಂಡಿಯ ಎರಡು ಕಿಟಕಿಗಳಿಂದ ನೋಡಿದಾಗಲೇ ಅದರ ವಿಚಿತ್ರ ತಿಳಿಯುವುದು. ಒಂದು ಕಿಟಕಿಯಲ್ಲಿ ನೊರೆಗರೆವ ಅರಬ್ಬೀ ಸಮುದ್ರ. ಇನ್ನೊಂದರಲ್ಲಿ ಕನ್ನಡಿಯಂತೆ ನಿಂತ ಸೌಪರ್ಣಿಕೆ, ನಡುಗಡ್ಡೆಯ ತೆಂಗುಗಳು, ಅವುಗಳ ಹಿಂದೆ ಬೆಳಗ್ಗೆ ಬಿಟ್ಟುಬಂದ ಬೆಟ್ಟಸಾಲು. ಘಟ್ಟದಿಂದ ಓಡಿಬಂದ ನದಿ ಕಡಲಿನಿಂದ ಒಂದು ರಸ್ತೆಯಗಲದಷ್ಟು ಸಮೀಪಕ್ಕೆ ಬಂದೂ ಅದನ್ನು ಸೇರದೆ, ತೆಂಕಣಕ್ಕೆ ಹೊರಳಿ, ಗಂಗೊಳ್ಳಿಯ ಅಳಿವೆಯಲ್ಲಿ ಇತರ ನಾಲ್ಕು ಹೊಳೆಗಳೊಡನೆ ಕೂಡಿ ಸಾಗರಕ್ಕೆ ಇಳಿಯುತ್ತದೆ. ಆ ಕೂಡುದಾಣಕ್ಕೆ ಪಂಚಗಂಗಾವಳಿ ಎಂದು ಹೆಸರು. ಅಲ್ಲಿಯ ಮೀನುಗಾರರ ದೋಣಿಗಳು ತೇಲುವುದು ಕೊಲ್ಲೂರಿನಿಂದ ಬಂದ ನೀರಿನ ಮೇಲೆಯೇ.

ಹೆದ್ದಾರಿಯ ಮಗ್ಗುಲಲ್ಲೇ ಇರುವ ಮಹಾರಾಜಸ್ವಾಮಿ ವರಾಹ ದೇವಾಲಯದಲ್ಲಿ ಕರ್ಕಾಟಕ ಅಮಾವಾಸ್ಯೆಯಂದು ಜಾತ್ರೆ ನಡೆಯುತ್ತದೆ. ಅಂದು ನವದಂಪತಿಗಳು ಕಡಲಿನಲ್ಲೊಮ್ಮೆ, ಹೊಳೆಯಲ್ಲೊಮ್ಮೆ ಮಿಂದು ದೇವರ ಮುಂದೆ ನಿಲ್ಲುತ್ತಾರೆ. ಉಪ್ಪುನೀರಿಗೂ ಸಿಹಿನೀರಿಗೂ ನಡುವಣ ಆ ಕಿರಿದಾದ ನೆಲವನ್ನು ಸಮುದ್ರವು ಮಳೆಗಾಲದಲ್ಲಿ ಮತ್ತೆ ಮತ್ತೆ ಕೊರೆದಿದೆ. ದಂಡೆಗೆ ಬಂಡೆಗಳನ್ನು ಸುರಿದು, ಕಡಲೊಳಕ್ಕೆ ಚಾಚಿದ ಕಲ್ಲಿನ ಗೋಡೆಗಳನ್ನು ಕಟ್ಟಿ ಅಲೆಗಳ ಬಲವನ್ನು ಮುರಿಯುವ ಯತ್ನ ನಡೆದಿದೆ. ಕಲ್ಲಿನ ಸಾಲು ನೋಟಕ್ಕೆ ಅಷ್ಟೇನೂ ಸೊಗಸಲ್ಲ. ಆದರೆ ಆ ನೆಲ ಹರಿದುಹೋದರೆ ಹೆದ್ದಾರಿಯೂ ಇಲ್ಲ, ಚಿತ್ರವೂ ಇಲ್ಲ.

ಸಂಜೆ ಇಲ್ಲಿ ವಾಹನಗಳ ದಟ್ಟಣೆ ಬಹಳ. ನಾಲ್ಕು ಸಾಲಿನ ರಸ್ತೆಯ ಅಂಚಿನಲ್ಲಿ ಮನೆಬಂಡಿಯನ್ನು ನಿಲ್ಲಿಸಿ ಚಹಾ ಕಾಯಿಸುವುದು ಅಪಾಯ. ಮರಳಿಗೆ ಇಳಿಸಿದರೆ ಚಕ್ರಗಳು ಹೂತು, ಬಲೆ ಎಳೆದು ದಣಿದ ಮೀನುಗಾರರನ್ನೇ ನೂಕಲು ಕರೆಯಬೇಕಾದೀತು. ಗಟ್ಟಿ ನೆಲವನ್ನು ಹುಡುಕಿ ಬಂಡಿಯನ್ನು ನಿಲ್ಲಿಸಿ, ಕಲ್ಲುಗಳ ಮೇಲೆ ಕಾಲು ಇಳಿಬಿಟ್ಟು ಕುಳಿತವರಿಗೆ ಮೊದಲು ಕಡಲು ಕೆಂಪಾಗುವುದೂ, ತುಸು ಹೊತ್ತಿನ ಮೇಲೆ ಬೆನ್ನ ಹಿಂದಿನ ಹೊಳೆ ಕಪ್ಪಾಗುವುದೂ ಕಾಣುತ್ತದೆ.