ಕೋಟಿನ ಗುಟ್ಟು ಅಸ್ತರಿನೊಳಗೆ

ಅಮೆರಿಕದ ಚಳಿ ಸೀಮೆಯಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಬೀರು ತೆರೆದರೆ ತುಪ್ಪಳದ ಕೋಟು ಸಿಗುವುದು ಅಪರೂಪವಲ್ಲ. ಮಿನೆಸೋಟಾದ ಒಂದು ಸಣ್ಣ ಮ್ಯೂಸಿಯಂನಲ್ಲಿ ಹಳೆ ಬಟ್ಟೆಗಳನ್ನು ಜೋಪಾನ ಮಾಡುವುದು ನನ್ನ ಕೆಲಸ. ಇಂಥ ಕೋಟು ಹೊತ್ತು ಬರುವವರು ಮೊದಲು ಕೇಳುವುದು ಬೆಲೆಯನ್ನು. ನಾನು ಕೇಳುವುದು, ಇದು ಯಾವ ಪ್ರಾಣಿಯ ತೊಗಲು ಅಂತ. ಅದು ಗೊತ್ತಾಗದೆ ಮಾರುವ, ಕೊಡುವ, ಇಟ್ಟುಕೊಳ್ಳುವ ಮಾತೇ ಎತ್ತಬಾರದು.

ಈ ಸಲ ಕೋಟು ನಮ್ಮ ಮನೆಯದೇ. ನನ್ನ ಗಂಡ ಇಲ್ಲಿಯವರು. ಅವರ ಅಜ್ಜಿ 1940ರ ದಶಕದಲ್ಲಿ ಕೊಂಡದ್ದು. ಅಚ್ಚ ಕಪ್ಪು, ಹೆಗಲಿಗೆ ದಪ್ಪ ಪ್ಯಾಡು, ಗುಂಡಿಯ ಬದಲು ದಾರ ಸುತ್ತಿದ ಕೊಕ್ಕೆ, ಅಸ್ತರಿನ ಮೇಲೆ ಕಸೂತಿಯಲ್ಲಿ ಅಜ್ಜಿಯ ಹೆಸರಿನ ಮೊದಲಕ್ಷರಗಳು. ಕೊರಳ ಬಳಿಯ ಪಟ್ಟಿಯಲ್ಲಿ ‘ಹಡ್ಸನ್ ಸೀಲ್’ ಎಂದಿತ್ತು. ಹಾಗಾಗಿ ಇದು ಸಮುದ್ರದ ಸೀಲ್ ಪ್ರಾಣಿಯದೆಂದೇ ಮನೆಮಂದಿಯೆಲ್ಲ ನಂಬಿದ್ದರು.

ಅತ್ತೆಯವರ ಒಪ್ಪಿಗೆ ಪಡೆದು ಅಸ್ತರಿನ ಕೆಳಹೊಲಿಗೆಯನ್ನು ಒಂದು ಗೇಣು ಬಿಚ್ಚಿದೆ. ಸೀಲ್ ದೊಡ್ಡ ಪ್ರಾಣಿ, ಅದರ ತೊಗಲಿನ ಹಾಳೆಯೂ ದೊಡ್ಡದು, ಕೋಟಿನಲ್ಲಿ ಜೋಡಣೆ ಕಡಿಮೆ. ಇಲ್ಲಿ ಒಳಮೈ ತುಂಬ ಸಣ್ಣ ಸಣ್ಣ ತುಂಡುಗಳು, ಸಾಲುಸಾಲಾಗಿ ಅಂಕುಡೊಂಕು ಹೊಲಿಗೆ. ಇದು ಮಸ್ಕ್‌ರ್ಯಾಟ್, ಉತ್ತರ ಅಮೆರಿಕದ ಜೌಗು ನೆಲದಲ್ಲಿ ಬದುಕುವ, ಇಲಿಯ ಬಳಗದ ಪ್ರಾಣಿ. ಅದರ ಉದ್ದನೆಯ ಒರಟು ಕೂದಲನ್ನು ಕಿತ್ತು, ಕೆಳಗಿನ ಮೆತ್ತನೆ ತುಪ್ಪಳವನ್ನು ಸಮವಾಗಿ ಕತ್ತರಿಸಿ, ಕಪ್ಪು ಬಣ್ಣ ಹಾಕಿದರೆ ನೋಡಲು ಸೀಲ್. ಹಡ್ಸನ್ ಸೀಲ್ ಎನ್ನುವುದು ವ್ಯಾಪಾರಿಗಳು ಇಟ್ಟ ಹೆಸರು. ಬಣ್ಣ ಹಾಕಿದ ಮೊಲದ ತೊಗಲು ಕೂಡ ‘ಸೀಲೈನ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು.

ಇಂಥ ಹುಸಿ ಹೆಸರುಗಳನ್ನು ತಡೆಯಲು ಅಮೆರಿಕ 1951ರಲ್ಲಿ ತುಪ್ಪಳದ ಪಟ್ಟಿ ಕಾಯ್ದೆ ತಂದಿತು. 1952ರ ಆಗಸ್ಟ್‌ನಿಂದ ಪ್ರಾಣಿಯ ನಿಜವಾದ ಹೆಸರು, ಆಮದಾದ ತೊಗಲಾದರೆ ಅದು ಬಂದ ದೇಶ, ಬಣ್ಣ ಹಾಕಿದ್ದರೆ ಆ ವಿಷಯ, ಇಷ್ಟೂ ಪಟ್ಟಿಯಲ್ಲಿರಬೇಕಾಯಿತು. ಬರೀ ‘ಹಡ್ಸನ್ ಸೀಲ್’ ಎಂದಷ್ಟೇ ಇರುವ ಅಮೆರಿಕದ ಕೋಟು ಬಹುಪಾಲು ಅದಕ್ಕಿಂತ ಹಳೆಯದು. 1940ರ ದಶಕದ ರೂಢಿಯಾದ ದಪ್ಪ ಹೆಗಲ ಪ್ಯಾಡು ಹೇಳುತ್ತಿದ್ದುದೂ ಅದನ್ನೇ.

ಪ್ರಾಣಿ ಯಾವುದೆಂಬುದು ಕಾನೂನಿನ ಪ್ರಶ್ನೆಯೂ ಹೌದು. ನಿಜವಾದ ಸೀಲ್ ಆಗಿದ್ದರೆ, ಮಾರುವ ಮೊದಲು ಅದು 1972ರ ಸಾಗರ ಸಸ್ತನಿ ರಕ್ಷಣಾ ಕಾಯ್ದೆಗಿಂತ ಹಳೆಯದೆಂದು ತೋರಿಸಬೇಕಾಗುತ್ತಿತ್ತು. ಚಿರತೆಯದಾದರೆ ಇನ್ನೂ ಎಚ್ಚರ ಬೇಕು. 1962ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಜಾಕ್ವೆಲಿನ್ ಕೆನಡಿ ಚಿರತೆ ಕೋಟು ತೊಟ್ಟ ಮೇಲೆ ಅಂಥ ಕೋಟುಗಳಿಗೆ ಬೇಡಿಕೆ ಏರಿತು, ಕಾಡಿನ ಚಿರತೆಗಳು ಅದಕ್ಕೆ ಬಲಿಯಾದವು. ಆ ಕೋಟಿನ ವಿನ್ಯಾಸಕಾರ ಓಲೆಗ್ ಕಸೀನಿ ಮುಂದೆ ಅದಕ್ಕಾಗಿ ಮರುಗಿದರು. ಆ ಕಾಲದ ಚುಕ್ಕೆ ಕೋಟು ನಿಮ್ಮ ಪಾಲಿಗೆ ಬಂದಿದ್ದರೆ ಇಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆಯನ್ನು ವಿಚಾರಿಸದೆ ಮಾರಬೇಡಿ. ಬೇರೆ ತುಪ್ಪಳದ ಕೋಟನ್ನೂ ವಿಚಾರಿಸದೆ ಭಾರತಕ್ಕೆ ಕಳಿಸಬೇಡಿ. ಮಿಂಕ್, ನರಿ, ಚಿಂಚಿಲಾ ತುಪ್ಪಳದ ಆಮದನ್ನು ಭಾರತ 2017ರಲ್ಲೇ ನಿಷೇಧಿಸಿದೆ.

ಇನ್ನು ತೊಗಲಿನ ಆರೋಗ್ಯ. ಕೋಟಿನ ಹಣೆಬರಹ ಬರೆಯುವುದು ಇದೇ. ಒಳಮೈಯನ್ನು ಬೆರಳುಗಳ ನಡುವೆ ಮೆಲ್ಲಗೆ ಮಡಿಸಿ ನೋಡಬೇಕು. ಜೀವವಿದ್ದರೆ ಮೆತ್ತಗೆ ಬಾಗುತ್ತದೆ. ನಮ್ಮ ಕೋಟಿನ ಕಂಕುಳ ಭಾಗ ಹಪ್ಪಳದಂತೆ ಸದ್ದು ಮಾಡಿ ಬಿರಿಯಿತು. ವರ್ಷಗಟ್ಟಲೆ ಹೀಟರಿನ ಪಕ್ಕದ ಬೀರುವಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಉಸಿರುಕಟ್ಟಿದ್ದರ ಫಲ. ಹೀಗೆ ಒಣಗಿದ ತೊಗಲಿಗೆ ಮದ್ದಿಲ್ಲ. ಹೊಲಿದ ಕಡೆ ಬಿಟ್ಟು ಪಕ್ಕದಲ್ಲಿ ಹರಿಯುತ್ತದೆ. ತಂಪು ಕೋಣೆಯಲ್ಲಿ, ಹತ್ತಿ ಬಟ್ಟೆಯ ಹೊದಿಕೆಯಲ್ಲಿ ಇಟ್ಟಿದ್ದರೆ ಇನ್ನೊಂದು ತಲೆಮಾರು ಬಾಳುತ್ತಿತ್ತು.

ಮಾರೋಣ ಎಂದರು ನನ್ನ ಗಂಡ. ಮಣ್ಣು ಮಾಡಿಬಿಡೋಣ ಎಂದಳು ನಾದಿನಿ. ಪ್ರಾಣಿಗಳ ತೊಗಲು ಮನೆಯಲ್ಲಿರುವುದೇ ಅವಳಿಗೆ ಹಿಂಸೆ. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಹತ್ತಾರು ಜೀವ ತೆಗೆದು ಹೊಲಿದದ್ದು ಇದು, ನಾನೂ ಹೊಸದೊಂದನ್ನು ಎಂದಿಗೂ ಕೊಳ್ಳಲಾರೆ. ಆದರೆ ಆ ಜೀವಗಳು ಹೋಗಿಯಾಗಿದೆ. ಉಳಿದದ್ದನ್ನು ಕಸಕ್ಕೆ ಹಾಕುವುದು ನನಗೆ ಎರಡನೆಯ ಅನ್ಯಾಯವಾಗಿ ಕಾಣುತ್ತದೆ. ಮಾರಾಟಕ್ಕಂತೂ ದಾರಿಯಿಲ್ಲ: ಗಟ್ಟಿಯಿರುವ ಹಳೆ ಮಸ್ಕ್‌ರ್ಯಾಟ್ ಕೋಟಿಗೇ ಇಂದು ಗಿರಾಕಿ ಕಡಿಮೆ, ಬಿರಿದದ್ದನ್ನು ಯಾರು ಕೇಳುತ್ತಾರೆ?

ಬೆನ್ನಿನ ಭಾಗ ಇನ್ನೂ ಮೆತ್ತಗಿದೆ. ತಾಯಿ ಕಳೆದುಕೊಂಡ ಕಾಡುಮರಿಗಳನ್ನು ಸಾಕುವ ಕೇಂದ್ರಗಳು ಇಂಥ ತುಂಡುಗಳನ್ನು ಪಡೆಯುವುದುಂಟು. ಮರಿಗಳು ಅದಕ್ಕೆ ಒತ್ತಿಕೊಂಡು ಮಲಗುತ್ತವೆ. ನಮ್ಮ ಹತ್ತಿರದ ಕೇಂದ್ರದವರು ಫೋನಿನಲ್ಲಿ ಎರಡು ಮಾತು ಹೇಳಿದರು: ಕೊಕ್ಕೆ, ಪ್ಯಾಡು, ಅಸ್ತರು ಏನೂ ಇರಬಾರದು, ನುಸಿಗುಳಿಗೆಯ ವಾಸನೆಯಂತೂ ಕೂಡದು. ಕಾಲರ್ ಮತ್ತು ಹೆಸರಿನ ಕಸೂತಿಯಿರುವ ಅಸ್ತರಿನ ತುಂಡು ಅತ್ತೆಯವರಿಗೆ. ಜೊತೆಗೆ ಒಂದು ಕಾಗದದಲ್ಲಿ ಕೋಟು ತೊಟ್ಟವರ ಹೆಸರು, ಊರು, ಪ್ರಾಣಿಯ ನಿಜವಾದ ಹೆಸರು ಬರೆದು ಇಡುತ್ತಿದ್ದೇನೆ. ಬೆನ್ನಿನ ತುಂಡುಗಳನ್ನು ಹಿಂದಿನ ವರಾಂಡದ ನೆರಳಿನಲ್ಲಿ ಗಾಳಿಗೆ ಹರವಿದ್ದೇನೆ. ವಾಸನೆ ಪೂರ್ತಿ ಹೋದ ಮೇಲೆ ನಾದಿನಿಯೇ ಒಯ್ದು ಕೊಡುತ್ತಾಳಂತೆ.